ಹಳದಿ ನೀರು ಹಸಿರಾಗಬೇಕು: ನಮ್ಮ ಪ್ಲೇಟಿಂಗ್ ಶಾಪಿನ ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ), ಎರಡು ವರ್ಷ ಓಡಿಸಿದ ಮೇಲೆ

ಪೀಣ್ಯದಲ್ಲಿ ನಮ್ಮದು ಸಣ್ಣ ಜಿಂಕ್ ಪ್ಲೇಟಿಂಗ್ ಶಾಪ್. ಬೋಲ್ಟು, ನಟ್ಟು, ಕ್ಲಾಂಪುಗಳಿಗೆ ಹಳದಿ ಪ್ಯಾಸಿವೇಶನ್, ಅಂದರೆ ತುಕ್ಕು ತಡೆಯುವ ತೆಳು ಪದರ, ಮಾಡಿ ಕೊಡುತ್ತೇವೆ. ಆ ಹಳದಿ ಹೆಕ್ಸಾವೇಲೆಂಟ್ ಕ್ರೋಮಿಯಂನದ್ದು. ಕ್ಯಾನ್ಸರ್ ತರುವ ವಿಷ. ಈ ಏರಿಯಾದ ಬೋರ್‌ವೆಲ್‌ಗಳಲ್ಲಿ ಕ್ರೋಮಿಯಂ ಸಿಕ್ಕಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಹುಡುಗರೂ ಇಲ್ಲೇ ಸುತ್ತಮುತ್ತ ಮನೆ ಮಾಡಿಕೊಂಡಿದ್ದಾರೆ. ಅದಕ್ಕೇ ಇಟಿಪಿ, ಆರ್‌ಓ (ನೀರಿನ ಉಪ್ಪು ತೆಗೆಯುವ ಫಿಲ್ಟರ್) ಎರಡನ್ನೂ ಹಾಕಿಸಿದೆ.

ಹಾಕಿದವರು ಶುರುವಿನಲ್ಲೇ ಒಂದು ದೊಡ್ಡ ತಪ್ಪು ಮಾಡಿದರು. ಶಾಪಿನ ನೀರೆಲ್ಲ ಒಂದೇ ತೊಟ್ಟಿಗೆ ಬರುವ ಹಾಗೆ ಪೈಪ್ ಎಳೆದರು. ಕ್ರೋಮ್ ನೀರು, ಅಂದರೆ ಹಳದಿ ಮಾಡಿದ ಮೇಲೆ ಜಾಲಿಸಿದ ನೀರು, ಇರುವುದೇ ಸ್ವಲ್ಪ. ಅದು ಬೇರೆ ನೀರಿಗೆ ಸೇರಿದರೆ ಅಷ್ಟೂ ನೀರಿಗೆ ಆಸಿಡ್ ಹಾಕಬೇಕು, ಆಮೇಲೆ ಅಷ್ಟಕ್ಕೂ ಸುಣ್ಣ ಹಾಕಬೇಕು. ಕೆಮಿಕಲ್ಲೂ ಜಾಸ್ತಿ, ತಳದಲ್ಲಿ ಕೂರುವ ಕೆಸರು, ಸ್ಲಡ್ಜೂ ಜಾಸ್ತಿ. ನಾಲ್ಕು ತಿಂಗಳು ಹಾಗೇ ಓಡಿಸಿದೆವು.

ಆಮೇಲೆ ಸರ್ವಿಸ್‌ಗೆ ಬೇರೆ ಹುಡುಗ ಬಂದ. ಬಂದವನೇ ಚರಂಡಿ ನೋಡಿ, "ಸರ್, ಕ್ರೋಮ್ ಲೈನ್ ಬೇರೆ ಮಾಡಿ. ಇಲ್ಲಾಂದ್ರೆ ನಾನು ಎಷ್ಟು ಸಲ ಬಂದ್ರೂ ಇಷ್ಟೇ" ಅಂದ. ಒಂದು ಭಾನುವಾರ ಪೂರ್ತಿ ನಿಂತು ಪೈಪ್ ಬೇರೆ ಮಾಡಿಸಿದ. ನನ್ನ ಸ್ಟಾರ್‌ಗಳೆಲ್ಲ ಆ ಹುಡುಗನಿಗೆ.

ಈಗ ಕ್ರೋಮ್ ನೀರಿನ ಪಿಎಚ್ 2.5ರ ಹತ್ತಿರ ಇಳಿಸಿ ಮೆಟಾಬೈಸಲ್ಫೈಟ್ ಅನ್ನೋ ಕೆಮಿಕಲ್ ಹಾಕುತ್ತೇವೆ. ಅರ್ಧ ಗಂಟೆಯೊಳಗೆ ಹಳದಿ ನೀರು ಹಸಿರಾಗುತ್ತದೆ. ಕ್ರೋಮಿಯಂ ಕಡಿಮೆ ವಿಷದ ರೂಪಕ್ಕೆ ಬಂತು ಅಂತ ಅರ್ಥ. ಈ ಬದಲಾವಣೆ ಮುಗಿಯಿತೇ ಅಂತ ತೋರಿಸುವ ಒಆರ್‌ಪಿ ಮೀಟರ್ 250 ಮಿಲಿವೋಲ್ಟ್ ಆಸುಪಾಸು ನಿಂತರೆ ಮುಗಿಯಿತು. ಆ ಹುಡುಗ ನಮ್ಮ ಆಪರೇಟರ್‌ಗೆ ಮೀಟರ್ ಮತ್ತು ಬಣ್ಣ ಎರಡನ್ನೂ ನೋಡೋದು ಕಲಿಸಿದ. ಮೀಟರ್ ಕೆಟ್ಟ ದಿನ ಕಣ್ಣೇ ಕಾಪಾಡಿತು. ಆಮೇಲೆ ಸುಣ್ಣ ಹಾಕಿ ಪಿಎಚ್ ಎಂಟೂವರೆಗೆ ಏರಿಸಿದರೆ ಕ್ರೋಮಿಯಂ ತಳಕ್ಕೆ ಕೂರುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ಪೈಪ್ ಬೇರೆ ಮಾಡಿದ ಮೇಲೆ ಲ್ಯಾಬ್ ರಿಪೋರ್ಟ್ ಒಂದು ಸಲವೂ ಅದನ್ನು ದಾಟಿಲ್ಲ. ನಮ್ಮಲ್ಲಿ ಸಯನೈಡ್ ಬಾತ್ (ಸಯನೈಡ್ ಇರುವ ಪ್ಲೇಟಿಂಗ್ ದ್ರಾವಣ) ಇಲ್ಲ. ನಿಮ್ಮಲ್ಲಿದ್ದರೆ ಆ ನೀರು ಆಸಿಡ್ ಹತ್ತಿರ ಸುಳಿಯಲೂ ಬಾರದು. ಪ್ರಾಣ ತೆಗೆಯುವ ಗ್ಯಾಸ್ ಬರುತ್ತದೆ.

ಆರ್‌ಓ ಬಗ್ಗೆ ಅಷ್ಟು ಖುಷಿ ಇಲ್ಲ. ನಾಲ್ಕು ಸಾವಿರ ಲೀಟರ್ ಕೊಟ್ಟರೆ ಎರಡೂಮುಕ್ಕಾಲು ಸಾವಿರ ವಾಪಸ್ ಬರುತ್ತದೆ. ಆ ನೀರನ್ನು ಮತ್ತೆ ಜಾಲಿಸೋಕೆ ಬಳಸುತ್ತೇವೆ, ಲೇಪಕ್ಕೆ ಕಲೆ ಬಂದಿಲ್ಲ. ಆದರೆ ಉಳಿದ ಉಪ್ಪುನೀರನ್ನು ಇವಾಪೊರೇಟರ್‌ನಲ್ಲಿ ಒಣಗಿಸಬೇಕು. ಅದರ ಕರೆಂಟ್ ಬಿಲ್ ಎಷ್ಟಾಗುತ್ತದೆ ಅಂತ ಕೊಟೇಶನ್‌ನಲ್ಲಿ ಬರೆದೇ ಇರಲಿಲ್ಲ. ಕೊಳ್ಳುವ ಮುಂಚೆ ಅದನ್ನೇ ಮೊದಲು ಕೇಳಿ.

ಇನ್ನೊಂದು ಮಾತು. ಜಾಲಿಸುವ ತೊಟ್ಟಿ ಒಂದಿದ್ದದ್ದನ್ನು ಎರಡು ಮಾಡಿ, ಕೊನೆಯ ತೊಟ್ಟಿಯ ನೀರು ಹಿಂದಿನದಕ್ಕೆ ಹರಿಯುವ ಹಾಗೆ ಮಾಡಿಸಿದೆವು. ಮಷೀನ್‌ಗೆ ಕೊಟ್ಟ ದುಡ್ಡಿನ ಮುಂದೆ ಆ ಖರ್ಚು ಏನೂ ಅಲ್ಲ. ದಿನಾ ಬರುತ್ತಿದ್ದ ನೀರಿನ ಟ್ಯಾಂಕರ್ ಈಗ ವಾರಕ್ಕೆ ಎರಡು ಸಲ ಬರುತ್ತದೆ.

ಸರ್ವಿಸ್ ಒಪ್ಪಂದ ಮುಂದಿನ ತಿಂಗಳು ಮುಗಿಯುತ್ತದೆ. ಮುಂದುವರಿಸುತ್ತೇನೆ. ಡೋಸಿಂಗ್ ಪಂಪ್ ಒಂದು ಸ್ಪೇರ್ ಇಡಬೇಕು, ಅದೇ ಹುಡುಗನನ್ನು ಕಳಿಸಬೇಕು ಅಂತ ಈ ಸಲ ಬರೆಸಿಕೊಳ್ಳುತ್ತೇನೆ.