ಗ್ರಾಫಿಕ್ಸ್ ಕೋರ್ಸಿಗೆ ಹಣ ಕಟ್ಟುವ ಮೊದಲು

ಒಂದು ಸಣ್ಣ ವೃತ್ತಿಪರ ಕಾಲೇಜಿನಲ್ಲಿ ಎರಡು ವರ್ಷ ಕಂಪ್ಯೂಟರ್ ಗ್ರಾಫಿಕ್ಸ್ ಓದಿದ ನನಗೆ, ಅಲ್ಲಿ ಕಲಿತದ್ದು ಗ್ರಾಫಿಕ್ಸ್ ಅಲ್ಲ, ಒಂದು ತಂತ್ರಾಂಶದ ಯಾವ ಗುಂಡಿ ಎಲ್ಲಿದೆ ಎಂಬುದಷ್ಟೇ ಎಂದು ಅರಿವಾದದ್ದು ಪ್ರಮಾಣಪತ್ರ ಕೈಗೆ ಬಂದ ಮೇಲೆ. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಲಕ್ಷಣಗಳು ತಿಳಿದರೆ ಸಾಕು.

ಸೇರಲು ಹೋದ ದಿನ ಸ್ವಾಗತ ಕೊಠಡಿಯ ಪರದೆಯಲ್ಲಿ ಓಡುತ್ತಿದ್ದ ಅನಿಮೇಷನ್ ನೋಡಿಯೇ ನಾನು ಮರುಳಾಗಿದ್ದೆ. ಅದು ಯಾವುದೋ ಸ್ಟುಡಿಯೋದ ಕೆಲಸ, ಹಿಂದಿನ ವಿದ್ಯಾರ್ಥಿಗಳದ್ದಲ್ಲ ಎಂಬುದು ತಿಳಿಯುವಷ್ಟರಲ್ಲಿ ಶುಲ್ಕದ ಮುಕ್ಕಾಲು ಪಾಲು ಕಟ್ಟಿಯಾಗಿತ್ತು. ಆ ಶುಲ್ಕದಲ್ಲಿ 'ತಂತ್ರಾಂಶ ಪರವಾನಗಿ' ಎಂಬ ಬಾಬತ್ತೂ ಇತ್ತು. ನಮಗೆ ಕಲಿಸಿದ್ದು ಬ್ಲೆಂಡರ್ ಎಂಬ ತ್ರಿ-ಆಯಾಮ ಚಿತ್ರಗಳ ತಂತ್ರಾಂಶ. ಅದು 2002ರಿಂದ ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಿಡಿಗಾಸೂ ಕೊಡದೆ ಇಳಿಸಿಕೊಳ್ಳಬಹುದು. ಕೊಟ್ಟ ಟಿಪ್ಪಣಿಗಳಂತೂ 2019ರಲ್ಲಿ 2.80 ಆವೃತ್ತಿ ಬರುವುದಕ್ಕೂ ಹಿಂದಿನವು. ವಸ್ತುವನ್ನು ಆರಿಸಲು ಮೌಸಿನ ಬಲಗುಂಡಿ ಒತ್ತಬೇಕೆಂದು ಅವು ಹೇಳುತ್ತಿದ್ದವು, ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಅದೇ ಕೆಲಸ ಎಡಗುಂಡಿಯಿಂದ ಆಗುತ್ತಿತ್ತು.

ಒಮ್ಮೆ ನಾನು ಮಾಡಿದ ಕುರ್ಚಿಯನ್ನು, ಕಂಪ್ಯೂಟರ್ ಆಟಗಳನ್ನು ಓಡಿಸುವ ತಂತ್ರಾಂಶವಾದ ಗೇಮ್ ಎಂಜಿನ್‌ಗೆ ಹಾಕಿದಾಗ ಅದರ ಒಂದು ಬದಿ ಕಾಣಿಸಲೇ ಇಲ್ಲ. ಅಧ್ಯಾಪಕರನ್ನು ಕೇಳಿದರೆ, "ಮುಚ್ಚಿ ಮತ್ತೆ ತೆರೆಯಿರಿ" ಎಂದರು. ಮಾದರಿಯ ಪ್ರತಿಯೊಂದು ಫಲಕಕ್ಕೂ ಅದು ಯಾವ ಕಡೆಗೆ ಮುಖ ಮಾಡಿದೆ ಎಂದು ತೋರಿಸುವ ನಾರ್ಮಲ್ ಎಂಬ ದಿಕ್ಕು ಇರುತ್ತದೆ, ಲೆಕ್ಕ ಉಳಿಸುವ ಸಲುವಾಗಿ ಗೇಮ್ ಎಂಜಿನ್‌ಗಳು ಸಾಮಾನ್ಯವಾಗಿ ನೋಡುಗನಿಗೆ ಬೆನ್ನು ಮಾಡಿದ ಫಲಕಗಳನ್ನು ಚಿತ್ರಿಸದೆ ಬಿಡುತ್ತವೆ, ನನ್ನ ಕುರ್ಚಿಯ ಆ ಬದಿಯ ನಾರ್ಮಲ್‌ಗಳು ಒಳಮುಖವಾಗಿದ್ದವು ಎಂಬುದನ್ನು ನಾನಾಗಿಯೇ ಹುಡುಕಿಕೊಳ್ಳಬೇಕಾಯಿತು. ಸರಿಪಡಿಸಲು ಬೇಕಾದದ್ದು ಎರಡು ಕೀಲಿಗಳ ಒತ್ತು ಮಾತ್ರ. ಪಾಪ, ಆ ಅಧ್ಯಾಪಕರೂ ಹಿಂದಿನ ವರ್ಷ ಅಲ್ಲೇ ಓದಿ ಮುಗಿಸಿದವರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಅಂತಿಮ ಪ್ರಾಜೆಕ್ಟಿನದು ಇನ್ನೊಂದು ಕತೆ. ಹತ್ತು ಸೆಕೆಂಡಿನ ಅನಿಮೇಷನ್ ಎಂದರೆ ಸೆಕೆಂಡಿಗೆ 24ರಂತೆ 240 ಫ್ರೇಮ್‌ಗಳು. ಗ್ರಾಫಿಕ್ಸ್ ಕಾರ್ಡೇ ಇಲ್ಲದ ಆ ಯಂತ್ರಗಳಲ್ಲಿ ಒಂದೊಂದನ್ನೂ ರೆಂಡರ್ ಮಾಡಲು (ಲೆಕ್ಕ ಹಾಕಿ ಚಿತ್ರವಾಗಿಸಲು) ಆರು ನಿಮಿಷ ಹಿಡಿಯುತ್ತಿತ್ತು, ಅಂದರೆ ಒಟ್ಟು 24 ಗಂಟೆ. ಸಂಜೆ ಬೀಗ ಹಾಕುವವರು ಮುಖ್ಯ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ನೇರವಾಗಿ ವಿಡಿಯೋ ಕಡತವಾಗಿ ರೆಂಡರ್ ಮಾಡುತ್ತಿದ್ದ ನನ್ನ ಕೆಲಸ ಮೂರು ಸಲ ಹಾಳಾಯಿತು. ಫ್ರೇಮ್‌ಗಳನ್ನು ಬಿಡಿ ಚಿತ್ರಗಳಾಗಿ ಉಳಿಸಿಕೊಂಡರೆ ನಿಂತಲ್ಲಿಂದಲೇ ಮುಂದುವರಿಸಬಹುದೆಂದು ಯಾರೂ ಹೇಳಿಕೊಡಲಿಲ್ಲ.

ಕೊನೆಗೆ ಸಂದರ್ಶನದಲ್ಲಿ ನನ್ನ ಶೋರೀಲ್ (ಮಾಡಿದ ಕೆಲಸಗಳನ್ನು ತೋರಿಸುವ ಕಿರು ವಿಡಿಯೋ) ನೋಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, "ಈ ನೆರಳು ಬೀಳಲು ದೀಪವನ್ನು ಎಲ್ಲಿಟ್ಟಿರಿ?" ಎಂದು ಕೇಳಿದರು. ದೀಪಗಳನ್ನು ಜೋಡಿಸಿಟ್ಟ ಕಡತವನ್ನೇ ಕಾಲೇಜು ಎಲ್ಲರಿಗೂ ಹಂಚಿತ್ತು, ಆದ್ದರಿಂದ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಕೋಣೆ, ಅದೇ ನೆರಳು ಇರುವ ಇನ್ನೆರಡು ಶೋರೀಲ್‌ಗಳನ್ನು ಆ ವಾರವೇ ನೋಡಿದ್ದಾಗಿ ಅವರು ಹೇಳಿದರು.

ಆದ್ದರಿಂದ ಸೇರುವ ಮುನ್ನ ಕಳೆದ ತಂಡದ ನಾಲ್ಕೈದು ಶೋರೀಲ್‌ಗಳನ್ನು ಕೇಳಿ ಪಡೆದು ಒಟ್ಟಿಗೆ ನೋಡಿ, ಒಂದೇ ಅಚ್ಚಿನಂತೆ ಕಂಡರೆ ಕಾರಣ ವಿಚಾರಿಸಿ. ನಡುವೆ ಬಿಟ್ಟರೆ ಶುಲ್ಕ ಎಷ್ಟು ಮರಳುತ್ತದೆಂಬುದನ್ನು ಬರಹದಲ್ಲಿ ಪಡೆಯಿರಿ. ಮಾದರಿ ತರಗತಿಗೆ ಕೂರಲು ಬಿಟ್ಟರೆ, ಕುರ್ಚಿಯ ಒಂದು ಬದಿ ಏಕೆ ಮಾಯವಾಗುತ್ತದೆ ಎಂದು ಕೇಳಿ. ಮುಚ್ಚಿ ತೆರೆಯಲು ಹೇಳಿದರೆ ರಸೀದಿ ಬರೆಸದೆ ಎದ್ದು ಬನ್ನಿ.