ಸೈಕೋಅನಾಲಿಸಿಸ್ ಒಳ್ಳೆಯದಾ, ಸಿಬಿಟಿನಾ?

ಎರಡೂ ಮನಸ್ಸಿನ ತೊಂದರೆಗೆ ಮಾತಿನ ಚಿಕಿತ್ಸೆಗಳೇ. ಸೈಕೋಅನಾಲಿಸಿಸ್ ಅಂದರೆ ಮನಸ್ಸಿನ ಆಳದಲ್ಲಿ ನಮಗೇ ಗೊತ್ತಿಲ್ಲದೆ ಇರುವುದನ್ನು ಹುಡುಕುವುದು; ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂದರೆ ತೊಂದರೆ ಕೊಡುವ ಯೋಚನೆ, ನಡವಳಿಕೆಗಳನ್ನು ಗುರುತಿಸಿ ಬದಲಿಸುವುದು. ಸೈಕೋಅನಾಲಿಸಿಸ್ ಹುಟ್ಟಿದ್ದು ವಿಯೆನ್ನಾದಲ್ಲಿ. 1880ರ ಸುಮಾರಿಗೆ ಡಾಕ್ಟರ್ ಬ್ರಾಯರ್ ನೋಡುತ್ತಿದ್ದ 'ಅನ್ನಾ ಓ' ಎಂಬ ಯುವತಿ ಒಳಗಿದ್ದದ್ದನ್ನು ಹೇಳಿಕೊಂಡಾಗ ಹಗುರಾಗುತ್ತಿದ್ದಳು, ಅದಕ್ಕೆ ಮಾತಿನ ಮದ್ದು ಅಂತ ಹೆಸರಿಟ್ಟವಳೂ ಅವಳೇ. ಅಲ್ಲಿನದೇ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅದನ್ನು ಬೆಳೆಸಿದರು: ನೀವು ಸೋಫಾ ಮೇಲೆ ಮಲಗಿ ತಲೆಗೆ ಬಂದದ್ದನ್ನೆಲ್ಲ ಸೋಸದೆ ಹೇಳುತ್ತೀರಿ, ಚಿಕಿತ್ಸಕರು ನಿಮ್ಮ ತಲೆಯ ಹಿಂದೆ ಕಾಣದ ಹಾಗೆ ಕೂತು ಕೇಳುತ್ತಾರೆ. ಸಿಬಿಟಿ 1960ರ ದಶಕದ್ದು, ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರದು.

ಸಮಯ, ದುಡ್ಡು? ಮೊದಲನೆಯದು ವಾರಕ್ಕೆ ಮೂರ್ನಾಲ್ಕು ಸಲ, ವರ್ಷಗಟ್ಟಲೆ, ಹಾಗಾಗಿ ಖರ್ಚೂ ಜಾಸ್ತಿ. ಸಿಬಿಟಿ ಸಾಮಾನ್ಯವಾಗಿ ವಾರಕ್ಕೊಮ್ಮೆ, ಕೆಲವು ತಿಂಗಳು, ಮನೆಗೆ ಹೋಂವರ್ಕ್ ಕೂಡ ಇರುತ್ತದೆ.

ಪ್ಯಾನಿಕ್, ಲಿಫ್ಟ್ ಭಯದಂಥ ನಿರ್ದಿಷ್ಟ ತೊಂದರೆಗೆ ನಾನು ಸಿಬಿಟಿ ಅನ್ನುತ್ತೇನೆ. ಪ್ರತಿ ಸಂಬಂಧವೂ ಒಂದೇ ರೀತಿ ಮುರಿಯುತ್ತಿದೆ, ಯಾಕೆ ಅಂತಲೇ ಗೊತ್ತಾಗುತ್ತಿಲ್ಲ, ತಾಳ್ಮೆಯೂ ಇದೆ ಅನ್ನುವವರಿಗೆ ಸೈಕೋಅನಾಲಿಸಿಸ್. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಇವತ್ತೇ ಮನೋವೈದ್ಯರನ್ನು ನೋಡಿ, ಆಯ್ಕೆ ಆಮೇಲೆ.