ಧಾರವಾಡದ ಹಗಲು ಆರೈಕೆ ಕೇಂದ್ರ: ಹಿತ್ತಲಿಗೆ ಪೂರ್ತಿ ಅಂಕ, ಟಿವಿ ಹಾಲ್‌ಗೆ ಕಷ್ಟಪಟ್ಟು ಪಾಸು

ಗೋಡೆಯ ಬಣ್ಣ, ‘ಮಿದುಳಿಗೆ ಚುರುಕು’ ಎಂಬ ಫಲಕ ನೋಡಿ ಹಿರಿಯರನ್ನು ಇಲ್ಲಿಗೆ ಸೇರಿಸಬೇಡಿ. ಈ ಕೇಂದ್ರದ ಬಂಡವಾಳ ಇರೋದು ಹಿತ್ತಲಲ್ಲಿ. ಸಮತಟ್ಟಾದ ದಾರಿ ಸುತ್ತಿ ಬಂದು ಹೊರಟಲ್ಲೇ ಸೇರುತ್ತದೆ, ಹಾಗಾಗಿ ಮರೆವಿದ್ದವರೂ ದಾರಿ ತಪ್ಪುವುದಿಲ್ಲ. ಪಕ್ಕದಲ್ಲಿ ಹಿಡಿಯಲು ಕಂಬಿ. ಮೆಂತೆ, ಕೊತ್ತಂಬರಿಯ ಪಾತಿಗಳು ಸೊಂಟದೆತ್ತರಕ್ಕಿವೆ, ನೀರು ಹಾಕಲು ಬಗ್ಗಬೇಕಿಲ್ಲ.

ನಡಿಗೆಯ ಗುಣ ಬರೀ ಮಾತಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 120 ಹಿರಿಯರಿದ್ದರು. ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಹಿಪ್ಪೊಕ್ಯಾಂಪಸ್, ಅಂದರೆ ನೆನಪಿಗೆ ಬೇಕಾದ ಮಿದುಳಿನ ಭಾಗ, ವರ್ಷದಲ್ಲಿ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಮೈ ಎಳೆಯುವ ವ್ಯಾಯಾಮವನ್ನಷ್ಟೇ ಮಾಡಿದವರದು ಕುಗ್ಗಿತ್ತು. ಆದರೆ ಆ ನಡೆದವರು ಶುರು ಮಾಡಿದ್ದು 10 ನಿಮಿಷದಿಂದ, ವಾರಕ್ಕೆ 5 ನಿಮಿಷ ಏರಿಸುತ್ತ. ಇಲ್ಲಿ ಹೊಸಬರನ್ನೂ ಮೊದಲ ದಿನವೇ ಅರ್ಧ ತಾಸು ನಡೆಸುತ್ತಾರೆ. ಮೊಣಕಾಲು ಹಿಡಿಯುತ್ತದೆ, ಮರುದಿನ ಅಜ್ಜ ಕುರ್ಚಿ ಬಿಟ್ಟೇಳೋದಿಲ್ಲ. ಹೇಳಿ ಕಡಿಮೆ ಮಾಡಿಸಿ.

ಅಳಗುಳಿ ಮಣೆಯ ಆಟ ಚಲೋ ನಡೆಯುತ್ತದೆ. 14 ಗುಳಿ, ಒಂದೊಂದರಲ್ಲಿ ನಾಲ್ಕು ಕಾಳು. ಕೈ ಪಳಗಿದ ಮೇಲೆ ಐದು. ಜೋಡಿ ವಾರವಾರ ಬದಲು. ಕಾಳು ಹುಣಸೆ ಬೀಜವೇ ಇರಲಿ. ಗುಲಗಂಜಿ ಕಂಡರೆ ತೆಗೆಸಿ, ಅಗಿದು ನುಂಗಿದರೆ ವಿಷ.

ಚಿತ್ರ ಜೋಡಿಸುವ ಆಟಗಳದ್ದು ಮಾತ್ರ ಅದೇ ನಾಲ್ಕು ಡಬ್ಬಿ, ಮೂಲೆ ಸವೆದುಹೋಗಿದೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯ ಮನೋವಿಜ್ಞಾನಿ ಮಾರ್ಕ್ ರೋಸೆನ್‌ಜ್ವೈಗ್ ಅವರ ತಂಡ ಇಲಿಗಳ ಪಂಜರದಲ್ಲಿ ಆಟಿಕೆಗಳನ್ನು ದಿನಾ ಬದಲಿಸುತ್ತಿತ್ತು. ಒಂಟಿಯಾಗಿ ಬೆಳೆದವಕ್ಕಿಂತ ಆ ಇಲಿಗಳ ಮಿದುಳಿನ ಹೊರಪದರ ಹೆಚ್ಚು ತೂಗಿತು. ಅದು ಇಲಿಯ ಲೆಕ್ಕ, ಕೇಂದ್ರದ ಕರಪತ್ರ ಹೇಳುವ ‘ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರೋದೇ ಇಲ್ಲ’ ಎಂಬ ಭರವಸೆಗೆ ಆಧಾರವಲ್ಲ.

ದೊಡ್ಡ ದೂರು ಟಿವಿ ಹಾಲ್ ಬಗ್ಗೆ. ನೆಲಕ್ಕೂ ಗೋಡೆಗೂ ಟೈಲ್ಸ್, ಧಾರಾವಾಹಿ ಇಡೀ ದಿನ. ಶ್ರವಣಯಂತ್ರ ಹಾಕಿಕೊಂಡವರಿಗೆ ಪಕ್ಕದವರ ಮಾತೂ ಟಿವಿ ಗದ್ದಲವೂ ಕಲಸಿ ಕೇಳುತ್ತವೆ, ಸೋತು ಸುಮ್ಮನಾಗುತ್ತಾರೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡುತನವೂ ಇದೆ, ಒಂಟಿತನವೂ ಇದೆ. ಗೋಡೆಗೆ ನವಲಗುಂದದ ಜಮಖಾನೆ ತೂಗುಹಾಕಿದರೂ ಪ್ರತಿಧ್ವನಿ ತಗ್ಗೀತು. ನೆಲಕ್ಕೆ ಹಾಸಬಾರದು, ಅಂಚು ಮಡಚಿಕೊಂಡು ಕಾಲಿಗೆ ತೊಡರುತ್ತದೆ.

ಮರೆವು ದಿಢೀರನೆ ಏರಿದರೆ ಇಲ್ಲಿ ಕಾಯುತ್ತ ಕೂರಬೇಡಿ. ಸೋಂಕೋ ಔಷಧದ ಅಡ್ಡಪರಿಣಾಮವೋ ಇರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ನಿಧಾನವಾಗಿ ಹೆಚ್ಚುವ ಮರೆವಿನ ತಪಾಸಣೆಗೆ ಊರಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ.